ಹಿಮಯುಗವು ಕಾವೇರಿಯ ನೀರುನಾಯಿಗಳನ್ನೂ ಮುಟ್ಟಿತ್ತೇ?

ಗಂಜಾಂ ಮೇಷ್ಟ್ರು (ಶ್ರೀರಂಗಪಟ್ಟಣ)

ಕಳೆದ ವಾರ ಬೆಳಗಿನ ಜಾವ ಸಂಗಮದಿಂದ ಸ್ವಲ್ಪ ಕೆಳಗೆ, ಹೊಳೆಯ ನಡುವಿನ ಬಂಡೆಯ ಮೇಲೆ ನೀರುನಾಯಿಗಳ ಒಂದು ಸಂಸಾರವನ್ನು ಕಂಡೆ. ಎರಡು ದೊಡ್ಡವು, ಮೂರು ಮರಿಗಳು. ದೊಡ್ಡದೊಂದು ಮೀನನ್ನು ಕಚ್ಚಿಕೊಂಡು ಬಂಡೆ ಹತ್ತಿದಾಗ ಮರಿಗಳು ಸಿಳ್ಳೆ ಹಾಕಿದಂತೆ ಕೂಗುತ್ತಾ ಮುತ್ತಿಕೊಂಡವು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದರೂ ಈ ಪ್ರಾಣಿಯ ಬಗ್ಗೆ ಇಷ್ಟು ಕಡಿಮೆ ತಿಳಿದಿದ್ದೇನಲ್ಲ ಎನಿಸಿ, ಮನೆಗೆ ಬಂದು ಓದಲು ಕುಳಿತೆ.

ಓದುತ್ತಿದ್ದಾಗ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಯುರೋಪಿನ ನೀರುನಾಯಿಗಳಲ್ಲಿ ಆನುವಂಶಿಕ ವೈವಿಧ್ಯ ಬಹಳ ಕಡಿಮೆಯಿದೆ, ಅದಕ್ಕೆ ಹಿಮಯುಗ ಒಂದು ಮುಖ್ಯ ಕಾರಣ ಎನ್ನುತ್ತಾರೆ. ಹಾಗಾದರೆ ನನ್ನ ಪ್ರಶ್ನೆ ಇದು: ಎಂದೂ ಹಿಮ ಬೀಳದ ನಮ್ಮ ಮಂಡ್ಯ, ಮೈಸೂರಿನ ಹೊಳೆಗಳ ಪ್ರಾಣಿಗಳ ಮೇಲೂ ಹಿಮಯುಗದ ಗುರುತು ಉಳಿದಿರಬಹುದೇ? ತಿಳಿದವರು ನಿಧಾನವಾಗಿ, ಬುಡದಿಂದ ವಿವರಿಸಬೇಕೆಂದು ಕೋರುತ್ತೇನೆ.

ಕುಕ್ಕರಹಳ್ಳಿ ದಂಡೆ (ಮೈಸೂರು)

ಮೇಷ್ಟ್ರೇ, ನಮಸ್ಕಾರ. ಪ್ರಾಣಿಗಳ ತಳಿವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ ನಾನು. ಮೊದಲು ಯುರೋಪಿನ ಕಥೆಯನ್ನು ಹೇಳಿಬಿಡುತ್ತೇನೆ, ನಮ್ಮ ಕಡೆಗೆ ಆಮೇಲೆ ಬರೋಣ.

ಸುಮಾರು 25.8 ಲಕ್ಷ ವರ್ಷಗಳ ಹಿಂದೆ ಶುರುವಾಗಿ 11,700 ವರ್ಷಗಳ ಹಿಂದೆ ಮುಗಿದ ಪ್ಲೈಸ್ಟೊಸೀನ್ ಯುಗದಲ್ಲಿ ಹಿಮ ಒಂದು ಸಲ ಬಂದು ಹೋದದ್ದಲ್ಲ, ಮತ್ತೆ ಮತ್ತೆ ಹಬ್ಬಿ ಮತ್ತೆ ಮತ್ತೆ ಹಿಂದೆ ಸರಿಯಿತು. ಭೂಮಿಯ ಕಕ್ಷೆಯಲ್ಲಿ ಮತ್ತು ಅಕ್ಷದ ಓರೆಯಲ್ಲಿ ಆಗುವ ನಿಧಾನಗತಿಯ ಬದಲಾವಣೆಗಳು ಇದರ ಲಯವನ್ನು ನಿಯಂತ್ರಿಸುತ್ತವೆ ಎಂದು ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ಲೆಕ್ಕ ಹಾಕಿ ತೋರಿಸಿದರು. ಮೊದಮೊದಲು ಸುಮಾರು 41,000 ವರ್ಷಕ್ಕೊಮ್ಮೆ ಸುತ್ತುತ್ತಿದ್ದ ಈ ಚಕ್ರ, ಕೊನೆಯ ಹತ್ತು ಲಕ್ಷ ವರ್ಷಗಳಲ್ಲಿ ಹೆಚ್ಚುಕಡಿಮೆ ಲಕ್ಷ ವರ್ಷಕ್ಕೊಂದು ಸುತ್ತಾಯಿತು. ಕೊನೆಯ ಬಾರಿ ಹಿಮ ತುತ್ತತುದಿಗೆ ಮುಟ್ಟಿದ್ದು ಈಗ್ಗೆ ಸುಮಾರು 26,000ದಿಂದ 19,000 ವರ್ಷಗಳ ಹಿಂದಿನ ಅವಧಿಯಲ್ಲಿ. ಆಗ ಸ್ಕ್ಯಾಂಡಿನೇವಿಯಾ ಪೂರ್ತಿಯಾಗಿ, ಬ್ರಿಟನ್ನಿನ ಬಹುಪಾಲು ಮತ್ತು ಜರ್ಮನಿಯ ಉತ್ತರ ಭಾಗ ಹಿಮದ ಹಾಳೆಯಡಿ ಇದ್ದವು.

ನೀರುನಾಯಿಗೆ ಬೇಕಾದದ್ದು ಹೆಪ್ಪುಗಟ್ಟದ ನೀರು ಮತ್ತು ಅದರಲ್ಲಿ ವರ್ಷವಿಡೀ ಸಿಗುವ ಮೀನು. ಆದ್ದರಿಂದ ಅದು ದಕ್ಷಿಣದ ಯಾವುದೋ ಕೆಲವು ಆಸರೆ ತಾಣಗಳಲ್ಲಿ ಮಾತ್ರ ಉಳಿದುಕೊಳ್ಳಬಹುದಿತ್ತು. ಸ್ಪೇನ್, ಇಟಲಿ ಮತ್ತು ಬಾಲ್ಕನ್ ಪರ್ಯಾಯದ್ವೀಪಗಳು ಅಂಥ ತಾಣಗಳೆಂದು ಬೇರೆ ಪ್ರಾಣಿಗಳ ಅಧ್ಯಯನಗಳಿಂದ ತಿಳಿದಿದೆ. ಹವೆ ಬೆಚ್ಚಗಾದ ಮೇಲೆ ಈ ತಾಣಗಳ ಉತ್ತರದ ಅಂಚಿನಲ್ಲಿದ್ದ ಕೆಲವೇ ಪ್ರಾಣಿಗಳು ಮುಂದೆ ಹೊರಟು, ಅವುಗಳ ಮರಿಗಳಲ್ಲಿ ಇನ್ನು ಕೆಲವು ಮತ್ತೂ ಮುಂದೆ ಹೋಗಿ, ಹೀಗೆ ಖಂಡವನ್ನು ತುಂಬುತ್ತಾ ಬಂದವು. ಹೆಜ್ಜೆ ಹೆಜ್ಜೆಗೂ ಹೊರಟವರು ಕೆಲವರೇ ಆದ್ದರಿಂದ ಅವರು ಹೊತ್ತು ತಂದ ವೈವಿಧ್ಯವೂ ಹೆಜ್ಜೆ ಹೆಜ್ಜೆಗೆ ಕುಗ್ಗಿತು. ದಕ್ಷಿಣದಲ್ಲಿ ವೈವಿಧ್ಯ ದಟ್ಟ, ಉತ್ತರಕ್ಕೆ ಹೋದಂತೆ ತೆಳು ಎಂಬ ಈ ಚಿತ್ರವನ್ನು ಮೈಮೇಲೆ ಮುಳ್ಳಿದ್ದು ಉಂಡೆಯಂತೆ ಮುದುಡಿಕೊಳ್ಳುವ ಹೆಡ್ಜ್‌ಹಾಗ್, ಕಂದು ಕರಡಿ ಮತ್ತು ಮಿಡತೆಗಳ ಉದಾಹರಣೆಯಿಂದ ಸ್ಪಷ್ಟಪಡಿಸಿದವರು ಗಾಡ್‌ಫ್ರೇ ಹೆವಿಟ್ ಎಂಬ ವಿಜ್ಞಾನಿ.

ಆದರೆ ನೀರುನಾಯಿ ಈ ಚಿತ್ರಕ್ಕೆ ಅಷ್ಟು ಸಲೀಸಾಗಿ ಒಗ್ಗುವುದಿಲ್ಲ. ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ನೋಡಿದರೆ ಹೆಡ್ಜ್‌ಹಾಗ್‌ಗಳಲ್ಲಿ ಪಶ್ಚಿಮದ್ದೊಂದು, ನಡುವಿನದೊಂದು, ಪೂರ್ವದ್ದೊಂದು ಎಂದು ಉದ್ದುದ್ದ ಪಟ್ಟಿಗಳು ಕಾಣುತ್ತವೆ. ನೀರುನಾಯಿಗಳಲ್ಲಿ ಹಾಗಲ್ಲ. ಹೆಚ್ಚಾಗಿ ಪರೀಕ್ಷಿಸುವ ತುಣುಕಿನಲ್ಲಿ ಖಂಡದ ಬಹುಭಾಗದಲ್ಲಿ ಒಂದೇ ಮಾದರಿ ಮೇಲುಗೈ ಸಾಧಿಸಿದೆ. ಒಂದೇ ಆಸರೆ ತಾಣದಿಂದ ಬಂದ ಪ್ರಾಣಿಗಳು ಇಡೀ ಯುರೋಪನ್ನು ತುಂಬಿದವು ಎನ್ನುವುದು ಇದರ ಒಂದು ಅರ್ಥ.

ಗದ್ದೆಬಯಲು (ಮದ್ದೂರು)

ನಮ್ಮ ಕಡೆಯ ಅನುಭವದಿಂದ ಒಂದು ಹೋಲಿಕೆ ಕೊಡಬಹುದೆಂದು ತೋರುತ್ತದೆ. ಹಿಂದೆ ಮನೆಯಲ್ಲಿ ನಾಲ್ಕಾರು ಬಗೆಯ ರಾಗಿಯನ್ನು ಬೇರೆ ಬೇರೆ ಗುಡಾಣಗಳಲ್ಲಿ ಬಿತ್ತನೆಗೆಂದು ಇಟ್ಟಿರುತ್ತಿದ್ದರು. ಬರ ಬಂದ ವರ್ಷ ಬಿತ್ತನೆಯ ಬೀಜವನ್ನೂ ಬೀಸಿ ತಿನ್ನಬೇಕಾಗುತ್ತಿತ್ತು. ಮರುವರ್ಷ ಒಳ್ಳೆಯ ಮಳೆಯಾದರೆ ಉಳಿದಿದ್ದ ಒಂದು ಹಿಡಿಯಿಂದಲೇ ಎರಡು ಮೂರು ಬೆಳೆಯಲ್ಲಿ ಹೊಲವೆಲ್ಲ ತುಂಬಿಬಿಡುತ್ತಿತ್ತು. ದೂರದಿಂದ ನೋಡಿದವರಿಗೆ ಹೊಲ ಮೊದಲಿನಂತೆಯೇ ತುಂಬಿದೆ, ಆದರೆ ತೆನೆಗಳೆಲ್ಲ ಒಂದೇ ಬಗೆಯವು. ತಾವು ಹೇಳುತ್ತಿರುವುದು ಇದನ್ನೇ ಅಲ್ಲವೇ, ತಾಯಿ? ಸಂಖ್ಯೆ ಮರಳಿ ಬರುತ್ತದೆ, ಬಗೆ ಮರಳಿ ಬರುವುದಿಲ್ಲ.

ಕುಕ್ಕರಹಳ್ಳಿ ದಂಡೆ (ಮೈಸೂರು)

ಹೌದು, ಗೌಡರೇ, ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಒಂದೇ ಒಂದು ಸೇರ್ಪಡೆ: ಬಗೆ ಮರಳಿ ಬರುವುದೇ ಇಲ್ಲವೆಂದಲ್ಲ. ಹೊಸ ರೂಪಾಂತರಗಳು ಹುಟ್ಟುತ್ತಲೇ ಇರುತ್ತವೆ, ಆದರೆ ಅವು ಕೂಡಿಬರಲು ಸಾವಿರಾರು ತಲೆಮಾರುಗಳು ಬೇಕು. ಕಳೆದುಕೊಳ್ಳಲು ಹತ್ತಿಪ್ಪತ್ತು ತಲೆಮಾರು ಸಾಕು.

ಸರಸ್ವತಿಪುರಂ ಓದುಗ (ಮೈಸೂರು)

ನಾನು ಭೂವಿಜ್ಞಾನ ಓದಿ, ಅದೇ ಕೆಲಸದಲ್ಲಿ ನಿವೃತ್ತನಾದವನು. ಒಂದು ಸಂದೇಹವನ್ನು ಮುಂದಿಡುತ್ತೇನೆ. ಕಡಿಮೆ ವೈವಿಧ್ಯ ಕಂಡ ಕೂಡಲೇ ಅದನ್ನು ಇಪ್ಪತ್ತು ಸಾವಿರ ವರ್ಷಗಳ ಹಿಂದಿನ ಹಿಮದ ತಲೆಗೆ ಕಟ್ಟುವುದು ಸರಿಯೇ? ಯುರೋಪಿನಲ್ಲಿ ನೀರುನಾಯಿಯನ್ನು ಶತಮಾನಗಳ ಕಾಲ ಚರ್ಮಕ್ಕಾಗಿ, ಬೇಟೆಯ ಮೋಜಿಗಾಗಿ, ಮೀನಿನ ಕೊಳಗಳ ಶತ್ರುವೆಂದು ಕೊಂದರು. ಆಮೇಲೆ 1950ರ ದಶಕದಿಂದ ಡೀಲ್ಡ್ರಿನ್‌ನಂಥ ಕೀಟನಾಶಕಗಳು ನದಿಗಳಿಗೆ ಸೇರಿ, ಬ್ರಿಟನ್ನಿನ ಬಹುಭಾಗದಿಂದ ಆ ಪ್ರಾಣಿ ಅಳಿದೇ ಹೋಯಿತು. ಈ ಎರಡು ಬಗೆಯ ನಷ್ಟಗಳನ್ನು ಡಿಎನ್‌ಎ ಬೇರ್ಪಡಿಸಿ ತೋರಿಸಬಲ್ಲದೇ? ಬೇರ್ಪಡಿಸಲಾಗದಿದ್ದರೆ ಹಿಮಯುಗದ ಮಾತು ನಮ್ಮ ತಪ್ಪನ್ನು ಮುಚ್ಚಿಕೊಳ್ಳಲು ಸಿಗುವ ಒಂದು ನೆಪವಾಗಿಬಿಡುತ್ತದೆ ಎಂಬುದು ನನ್ನ ಆತಂಕ.

ಕುಕ್ಕರಹಳ್ಳಿ ದಂಡೆ (ಮೈಸೂರು)

ಸರ್, ಈ ವಿಷಯದ ಜೀವಾಳವೇ ನಿಮ್ಮ ಪ್ರಶ್ನೆ. ಮೈಟೊಕಾಂಡ್ರಿಯಾದ ಒಂದು ಸಣ್ಣ ತುಣುಕನ್ನು ಮಾತ್ರ ಓದುತ್ತಿದ್ದ ಕಾಲದಲ್ಲಿ ಇವೆರಡನ್ನು ಬೇರ್ಪಡಿಸುವುದು ನಿಜಕ್ಕೂ ಕಷ್ಟವಿತ್ತು. ಇಡೀ ಜೀನೋಮ್, ಅಂದರೆ ಪ್ರಾಣಿಯ ಡಿಎನ್‌ಎಯನ್ನು ಪೂರ್ತಿಯಾಗಿ, ಓದುವುದು ಸಾಧ್ಯವಾದ ಮೇಲೆ ಸ್ಥಿತಿ ಬದಲಾಗಿದೆ.

ಒಂದು ಪ್ರಾಣಿಗೆ ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಇನ್ನೊಂದು ಪ್ರತಿ ವಂಶವಾಹಿಗಳು ಬಂದಿರುತ್ತವೆ. ಎರಡನ್ನೂ ಉದ್ದಕ್ಕೆ ಹಾಸಿ ಹೋಲಿಸಿದರೆ ಕೆಲವು ಕಡೆ ವ್ಯತ್ಯಾಸಗಳು ಒತ್ತಾಗಿ, ಕೆಲವು ಕಡೆ ವಿರಳವಾಗಿ ಸಿಗುತ್ತವೆ. ವ್ಯತ್ಯಾಸಗಳು ಒತ್ತಾಗಿರುವ ಭಾಗದಲ್ಲಿ ಆ ಎರಡು ಪ್ರತಿಗಳ ಸಮಾನ ಪೂರ್ವಜ ಬಹಳ ಹಿಂದಿನದು, ವಿರಳವಾಗಿರುವ ಭಾಗದಲ್ಲಿ ಇತ್ತೀಚಿನದು. ಪ್ರಾಣಿಗಳ ಸಂಖ್ಯೆ ಕುಗ್ಗಿದ್ದ ಕಾಲದಲ್ಲಿ ಎಲ್ಲರೂ ಹತ್ತಿರದ ನೆಂಟರೇ ಆಗಿರುವುದರಿಂದ ಸಮಾನ ಪೂರ್ವಜರು ಆ ಕಾಲದಲ್ಲಿ ಗುಂಪುಗೂಡಿ ಸಿಗುತ್ತಾರೆ. ಈ ತರ್ಕವನ್ನು ಹಿಡಿದು ಒಂದೇ ಪ್ರಾಣಿಯ ಜೀನೋಮಿನಿಂದ ಅದರ ಕುಲದ ಲಕ್ಷಾಂತರ ವರ್ಷಗಳ ಏರಿಳಿತವನ್ನು ಅಂದಾಜಿಸುವ ವಿಧಾನವನ್ನು ಹೆಂಗ್ ಲಿ ಮತ್ತು ರಿಚರ್ಡ್ ಡರ್ಬಿನ್ 2011ರಲ್ಲಿ ರೂಪಿಸಿದರು. ಇದು ಹಳೆಯ ಕಾಲಕ್ಕೆ ಚೆನ್ನಾಗಿ ಒದಗುತ್ತದೆ. ಇತ್ತೀಚಿನ ಕುಸಿತಕ್ಕೆ ಬೇರೆ ಗುರುತು ಇದೆ: ಹತ್ತಿರದ ನೆಂಟರು ಕೂಡಿದಾಗ ಹುಟ್ಟಿದ ಮರಿಯಲ್ಲಿ ಎರಡೂ ಪ್ರತಿಗಳು ಒಂದೇ ಆಗಿರುವ ಉದ್ದುದ್ದದ ತುಂಡುಗಳು ಕಾಣುತ್ತವೆ. ತಲೆಮಾರು ಕಳೆದಂತೆ ಈ ತುಂಡುಗಳು ಒಡೆದು ಚಿಕ್ಕವಾಗುತ್ತವೆ. ಹಾಗಾಗಿ ಉದ್ದನೆಯ ತುಂಡೆಂದರೆ ನಿನ್ನೆಯ ನಷ್ಟ, ಚೂರುಚೂರಾದವೆಂದರೆ ಬಹು ಹಿಂದಿನ ನಷ್ಟ.

2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರಿಟನ್ನಿನ 45 ನೀರುನಾಯಿಗಳ ಇಡೀ ಜೀನೋಮುಗಳನ್ನು ಓದಿದರು. 1950ರಿಂದ 1980ರ ದಶಕದವರೆಗಿನ ಕುಸಿತದಲ್ಲಿ ಅಲ್ಲಿ ನಾಲ್ಕು ಪ್ರದೇಶಗಳ ಪ್ರಾಣಿಗಳು ಮಾತ್ರ ಗಟ್ಟಿಯಾಗಿ ಉಳಿದಿದ್ದವು. ಆ ಕುಸಿತದ ಗುರುತು ಜೀನೋಮಿನಲ್ಲಿ ಸಿಕ್ಕಿತು ಮಾತ್ರವಲ್ಲ, ಹೊಳೆದಂಡೆಯಲ್ಲಿ ನಡೆದು ಮಾಡಿದ ಸಮೀಕ್ಷೆಗಳ ಕಾಲಕ್ಕೂ ಹೊಂದಿಕೆಯಾಯಿತು. ನಿರೀಕ್ಷಿಸದ ಇನ್ನೆರಡು ಸಂಗತಿಗಳೂ ಹೊರಬಂದವು. ಹಳೆಯ ಸಣ್ಣ ತುಣುಕಿನಲ್ಲಿ ಕಣ್ಣಿಗೇ ಬೀಳದಿದ್ದ, ಒಂದರಿಂದೊಂದು ಬಹಳ ದೂರ ಸರಿದ ಎರಡು ಮೈಟೊಕಾಂಡ್ರಿಯಾ ವಂಶಗಳು ಅಲ್ಲಿದ್ದವು. ಇಂಗ್ಲೆಂಡಿನ ಪೂರ್ವ ಭಾಗದ ಪ್ರಾಣಿಗಳಲ್ಲಿ ಯಾರೂ ಊಹಿಸದಷ್ಟು ವೈವಿಧ್ಯವಿತ್ತು. ಕುಸಿತದ ದಿನಗಳಲ್ಲಿ ಹೊರಗಿನ ಮೂಲದ ಪ್ರಾಣಿಗಳನ್ನು ಅಲ್ಲಿ ಬಿಡುಗಡೆ ಮಾಡಿದ್ದೇ ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಭಾವಿಸುತ್ತಾರೆ.

ಹೀಗಾಗಿ ನಿಮ್ಮ ಆತಂಕಕ್ಕೆ ನನ್ನ ಪೂರ್ಣ ಸಹಮತವಿದೆ. ಹಿಮಯುಗ ಬರೆದದ್ದು ಅಡಿಯ ಪದರ, ಮನುಷ್ಯ ಬರೆದದ್ದು ಮೇಲಿನ ಪದರ. ಎರಡನ್ನೂ ಒಂದೇ ಬರಹವೆಂದು ಓದಿದರೆ ತಪ್ಪಾಗುತ್ತದೆ.

ಗಂಜಾಂ ಮೇಷ್ಟ್ರು (ಶ್ರೀರಂಗಪಟ್ಟಣ)

ಬಹಳ ತಿಳಿಯಾಗಿ ಹೇಳಿದಿರಿ, ತಂಗಿ. ಹಳೆಯ ಮೂಳೆಗಳಿಂದ ನೇರವಾಗಿ ಡಿಎನ್‌ಎ ತೆಗೆದು ಹೋಲಿಸಿದರೆ ಈ ಗೊಂದಲವೇ ಇರುವುದಿಲ್ಲವಲ್ಲ?

ಕುಕ್ಕರಹಳ್ಳಿ ದಂಡೆ (ಮೈಸೂರು)

ಕಡಲ ನೀರುನಾಯಿಯ ವಿಷಯದಲ್ಲಿ ಅದನ್ನೇ ಮಾಡಿದ್ದಾರೆ, ಮೇಷ್ಟ್ರೇ. ಉತ್ತರ ಪೆಸಿಫಿಕ್ ಕರಾವಳಿಯಲ್ಲಿ 1741ರಿಂದ 1911ರವರೆಗೆ ನಡೆದ ತುಪ್ಪಳದ ವ್ಯಾಪಾರ ಲಕ್ಷಗಟ್ಟಲೆಯಿದ್ದ ಆ ಪ್ರಾಣಿಯನ್ನು ಒಂದೆರಡು ಸಾವಿರಕ್ಕೆ ಇಳಿಸಿತು. ಅದಕ್ಕೂ ಮೊದಲು ಕರಾವಳಿಯ ಮೂಲನಿವಾಸಿಗಳು ತಿಂದು ಎಸೆದ ಮೂಳೆಗಳ ಡಿಎನ್‌ಎಯಲ್ಲಿ ಇಂದಿನ ಪ್ರಾಣಿಗಳಿಗಿಂತ ಬಹಳ ಹೆಚ್ಚು ವೈವಿಧ್ಯ ಸಿಕ್ಕಿತು. ಆ ನಷ್ಟವನ್ನು ಯಾವ ಹಿಮಯುಗದ ತಲೆಗೂ ಕಟ್ಟಲಾಗದು. ಆದರೆ ನಮ್ಮಂಥ ಬಿಸಿ, ತೇವದ ನೆಲದಲ್ಲಿ ಹಳೆಯ ಮೂಳೆಯಲ್ಲಿ ಡಿಎನ್‌ಎ ಉಳಿಯುವುದು ಅಪರೂಪ.

ಸರಸ್ವತಿಪುರಂ ಓದುಗ (ಮೈಸೂರು)

ಈಗ ಮೇಷ್ಟ್ರ ಮೂಲ ಪ್ರಶ್ನೆಗೆ ಬರೋಣ. ಇಲ್ಲಿ ನನ್ನ ಓದು ಸ್ವಲ್ಪ ಉಪಯೋಗಕ್ಕೆ ಬರುತ್ತದೆ.

ಭಾರತದಲ್ಲಿ ಹಿಮನದಿಗಳು ಹಬ್ಬಿದ್ದು ಹಿಮಾಲಯದಲ್ಲಿ ಮಾತ್ರ. ದಖ್ಖನ್ ಪ್ರಸ್ಥಭೂಮಿಗೆ ಹಿಮ ಬರಲಿಲ್ಲ. ನಮಗೆ ಹಿಮಯುಗ ಬಂದದ್ದು ಬರದ ರೂಪದಲ್ಲಿ. ಉತ್ತರದ ನೆಲ ತಣ್ಣಗಾದಾಗ ಏಷ್ಯಾದ ಭೂಭಾಗ ಬೇಸಿಗೆಯಲ್ಲಿ ಈಗಿನಷ್ಟು ಕಾಯುತ್ತಿರಲಿಲ್ಲ, ಕಡಲಿನಿಂದ ಏಳುವ ತೇವವೂ ತಗ್ಗಿತ್ತು. ಹಾಗಾಗಿ ನೈಋತ್ಯ ಮುಂಗಾರು ದುರ್ಬಲವಾಯಿತು.

ಇದಕ್ಕೆ ಸಾಕ್ಷಿ ನಮ್ಮ ಪಕ್ಕದ ನೀಲಗಿರಿಯಲ್ಲೇ ಇದೆ. ಊಟಿಯ ಬಳಿಯ ಸ್ಯಾಂಡಿನಲ್ಲಾ ಎಂಬಲ್ಲಿ ಜೌಗಿನ ತಗ್ಗುಗಳಲ್ಲಿ ಸತ್ತ ಸಸ್ಯಗಳು ಕೊಳೆಯದೆ ಪದರ ಪದರವಾಗಿ ಸಾವಿರಾರು ವರ್ಷಗಳಿಂದ ಕೂಡಿಕೊಂಡಿವೆ. ಮರಗಿಡಗಳು ಮತ್ತು ಒಣ ನೆಲದ ಹುಲ್ಲುಗಳು ಗಾಳಿಯ ಇಂಗಾಲವನ್ನು ಬೇರೆ ಬೇರೆ ರಾಸಾಯನಿಕ ಹಾದಿಗಳಲ್ಲಿ ಹೀರುತ್ತವೆ. ಆದ್ದರಿಂದ ಅವುಗಳ ದೇಹದಲ್ಲಿ ಭಾರದ ಇಂಗಾಲ-13ರ ಪ್ರಮಾಣವೂ ಬೇರೆಯಾಗಿರುತ್ತದೆ. ಪ್ರತಿ ಪದರದ ಇಂಗಾಲವನ್ನು ಅಳೆದರೆ ಆ ಕಾಲದಲ್ಲಿ ಬೆಟ್ಟದ ಮೇಲೆ ತೇವ ಬಯಸುವ ಸಸ್ಯಗಳಿದ್ದವೋ ಒಣ ಹುಲ್ಲಿತ್ತೋ ತಿಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಈ ಅಧ್ಯಯನದ ಪ್ರಕಾರ, ಕೊನೆಯ ಹಿಮಯುಗದ ತುದಿಯಲ್ಲಿ ಅಲ್ಲಿ ಒಣ ಹವೆಯ ಹುಲ್ಲೇ ಹೆಚ್ಚಿತ್ತು. ಹಿಮಯುಗ ಮುಗಿಯುತ್ತಾ ಬಂದಂತೆ ಮುಂಗಾರು ಬಲಗೊಂಡು ತೇವದ ಸಸ್ಯಗಳು ಮರಳಿದವು.

ಕಾವೇರಿ, ಕಪಿಲೆಗಳು ಬದುಕಿರುವುದೇ ಮುಂಗಾರಿನಿಂದ. ಮುಂಗಾರು ಸೋತ ಸಾವಿರಾರು ವರ್ಷಗಳಲ್ಲಿ ದೊಡ್ಡ ಹೊಳೆಗಳು ಬತ್ತಿರಲಿಕ್ಕಿಲ್ಲ, ಆದರೆ ಬಯಲಿನ ಹಳ್ಳಗಳು ವರ್ಷದ ಬಹುಕಾಲ ಮಡುಗಳಾಗಿ ತುಂಡರಿಸಿ ನಿಂತಿರಬೇಕು. ಯುರೋಪಿನ ನೀರುನಾಯಿಗೆ ಹಿಮ ಮಾಡಿದ್ದನ್ನು ಇಲ್ಲಿಯದಕ್ಕೆ ಒಣಗಿದ ಹಳ್ಳ ಮಾಡಿರಬಹುದು ಎನ್ನುವುದು ನನ್ನ ತರ್ಕ.

ಕುಕ್ಕರಹಳ್ಳಿ ದಂಡೆ (ಮೈಸೂರು)

ಈ ತರ್ಕಕ್ಕೆ ಬಲ ಕೊಡುವ ಪ್ರಾಣಿಯೊಂದು ನಮ್ಮಲ್ಲಿದೆ. ಕರ್ನಾಟಕದ ಬಯಲಿನ ದೊಡ್ಡ ಹೊಳೆಗಳಲ್ಲಿ ಕಾಣುವುದು ನುಣುಪು ತುಪ್ಪಳದ ನೀರುನಾಯಿ. ಮೇಷ್ಟ್ರು ಕಂಡದ್ದೂ ಅದೇ, ರಂಗನತಿಟ್ಟಿನಲ್ಲಿ ದೋಣಿಯಿಂದ ಕಾಣಸಿಗುವುದೂ ಅದೇ. ಇದರ ಜೊತೆಗೆ ಕೊಡಗು, ಕುದುರೆಮುಖದಂಥ ಮಲೆನಾಡಿನ ತೊರೆಗಳಲ್ಲಿ ಇನ್ನೊಂದಿದೆ. ಅದು ಚಿಕ್ಕ ಉಗುರಿನ ನೀರುನಾಯಿ. ತೂಕ ಮೂರು ನಾಲ್ಕು ಕಿಲೋ ಅಷ್ಟೇ, ಮುಖ್ಯ ಆಹಾರ ಏಡಿ, ಬೆರಳುಗಳಿಂದ ಕಲ್ಲುಸಂದಿಯನ್ನು ತಡಕಾಡಿ ಹಿಡಿಯುತ್ತದೆ. ನಮ್ಮ ಪಶ್ಚಿಮ ಘಟ್ಟದ ಉಪಪ್ರಭೇದವನ್ನು ಪೊಕಾಕ್ ಎಂಬ ಪ್ರಾಣಿವಿಜ್ಞಾನಿ 1940ರಲ್ಲಿ ಕೊಡಗಿನ ವಿರಾಜಪೇಟೆಯ ಮಾದರಿಯಿಂದ ವಿವರಿಸಿ, ಅದಕ್ಕೆ 'ನಿರ್ನೈ' ಎಂದು ಹೆಸರಿಟ್ಟರು. ನಮ್ಮ ನೀರ್ನಾಯಿ ಎಂಬ ಮಾತೇ ಲ್ಯಾಟಿನ್ ಹೆಸರಿನ ಕೊನೆಯಲ್ಲಿ ಕುಳಿತಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಈ ಚಿಕ್ಕ ಪ್ರಾಣಿ ಭಾರತದಲ್ಲಿ ಮುಖ್ಯವಾಗಿ ಇರುವುದು ಎರಡು ಕಡೆ: ಹಿಮಾಲಯದ ತಪ್ಪಲು ಹಾಗೂ ಈಶಾನ್ಯ ಭಾರತ ಒಂದೆಡೆ, ದಕ್ಷಿಣದ ಪಶ್ಚಿಮ ಘಟ್ಟ ಇನ್ನೊಂದೆಡೆ. ನಡುವಿನ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಬಹುಪಾಲು ಖಾಲಿ. ಹೀಗೆ ಎರಡು ತುದಿಗಳಲ್ಲಿ ಇದ್ದು ನಡುವೆ ಇಲ್ಲದ ಮೀನು, ಹಕ್ಕಿ, ಸಸ್ತನಿಗಳು ಇನ್ನೂ ಹಲವಿವೆ. ಮೀನುಗಳ ತಜ್ಞರಾಗಿದ್ದ ಸುಂದರ ಲಾಲ್ ಹೋರಾ ಅವರು ಇದನ್ನು ವಿವರಿಸಲು ಸಾತ್ಪುರ ಸಿದ್ಧಾಂತವನ್ನು ಮಂಡಿಸಿದರು. ಹವೆ ತಂಪಾಗಿ, ತೇವವಾಗಿದ್ದ ಕಾಲಗಳಲ್ಲಿ ವಿಂಧ್ಯ, ಸಾತ್ಪುರ ಶ್ರೇಣಿಗಳ ಉದ್ದಕ್ಕೂ ಹರಿಯುವ ತೊರೆಗಳು ಸೇತುವೆಯಂತೆ ಇದ್ದವು, ಆಮೇಲೆ ಒಣಗಿ ಕಡಿದುಹೋದವು ಎನ್ನುವುದು ಅದರ ಸಾರ. ಆ ಸಿದ್ಧಾಂತದ ಎಲ್ಲ ಅಂಶಗಳನ್ನೂ ಇಂದು ಒಪ್ಪುವುದಿಲ್ಲ. ಆದರೂ ತೇವದ ಕಾಲದಲ್ಲಿ ಹಾದಿ ತೆರೆದು ಒಣ ಕಾಲದಲ್ಲಿ ಮುಚ್ಚುತ್ತಿತ್ತು ಎಂಬ ಮೂಲ ಯೋಚನೆ ಗಟ್ಟಿಯಾಗಿಯೇ ನಿಂತಿದೆ.

ಬೆಳಕವಾಡಿ ತೆಪ್ಪ (ಮಳವಳ್ಳಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಮೀನು ಹಿಡಿಯುವ ಮನೆತನ. ನೀರುನಾಯಿ ಬಲೆ ಹರಿಯುತ್ತದೆ ಎಂದು ನಮ್ಮ ತಂದೆ ಬೈಯುತ್ತಿದ್ದರು, ಆದರೆ ಅದು ಓಡಾಡುವ ಮಡುವಿನಲ್ಲಿ ಮೀನಿದೆ ಎಂದು ಮೊದಲು ಬಲೆ ಬಿಡುತ್ತಿದ್ದುದೂ ಅವರೇ. ಗಗನಚುಕ್ಕಿ, ಭರಚುಕ್ಕಿಯ ಮೇಲುಗಡೆಯೂ ಇವೆ, ಕೆಳಗಡೆ ಮುತ್ತತ್ತಿಯವರೆಗೂ ಇವೆ. ಜಲಪಾತ ಎಷ್ಟು ಎತ್ತರವಿದೆ ಎಂದು ನಿಮಗೆ ಗೊತ್ತು. ಮೀನು ಅದನ್ನು ಹತ್ತಲಾರದು. ನೀರುನಾಯಿಯೂ ಹತ್ತಲಾರದಾದರೆ ಮೇಲಿನದೂ ಕೆಳಗಿನದೂ ಹಿಮಯುಗದಿಂದಲೇ ಬೇರೆ ಬೇರೆ ಕುಲಗಳಾಗಿರಬಹುದೇ?

ಕುಕ್ಕರಹಳ್ಳಿ ದಂಡೆ (ಮೈಸೂರು)

ಅಣ್ಣಾ, ನೀರುನಾಯಿ ನೀರಿನಲ್ಲಿ ಬೇಟೆಯಾಡುತ್ತದೆ, ಆದರೆ ನೆಲದ ಮೇಲೆ ಚೆನ್ನಾಗಿ ನಡೆಯುತ್ತದೆ. ಗದ್ದೆ, ಕಾಲುವೆ, ಕೆರೆಗಳನ್ನು ಹಾದು ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗಬಲ್ಲದು. ಹಾಗಾಗಿ ಶಿವನಸಮುದ್ರದ ಜಲಪಾತ ಮೀನಿಗೆ ಗೋಡೆಯಾದರೆ ನೀರುನಾಯಿಗೆ ಬಳಸಿ ಹೋಗಬಹುದಾದ ಒಂದು ದಿಬ್ಬ ಮಾತ್ರ. ಈ ಪ್ರಾಣಿಗಳನ್ನು ಬೇರ್ಪಡಿಸುವುದು ಎತ್ತರಕ್ಕಿಂತ ಹೆಚ್ಚಾಗಿ ನೀರಿಲ್ಲದ ದೂರ. ಸರಸ್ವತಿಪುರದ ಹಿರಿಯರು ಹೇಳಿದ ಒಣ ಕಾಲವೇ ಇಲ್ಲಿ ಮುಖ್ಯವಾಗುವುದು ಇದೇ ಕಾರಣಕ್ಕೆ.

ನುಣುಪು ತುಪ್ಪಳದ ಪ್ರಭೇದದ ಬಗ್ಗೆ 2017ರಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಇರಾಕಿನಿಂದ ಬೋರ್ನಿಯೊವರೆಗಿನ 58 ಈಚಿನ ಮಾದರಿಗಳನ್ನೂ 1882ರಿಂದ 1970ರ ನಡುವೆ ಸಂಗ್ರಹವಾದ 11 ಹಳೆಯ ಮಾದರಿಗಳನ್ನೂ ಪರೀಕ್ಷಿಸಿದರು. ಮೂರು ಸ್ಪಷ್ಟವಾದ ವಂಶಗಳು ಕಂಡವು. ಇರಾಕಿನ ಜೌಗಿನಲ್ಲಿ ಮಾತ್ರ ಇದೆ ಎಂದುಕೊಂಡಿದ್ದ ಉಪಪ್ರಭೇದದ ವಂಶ ಪಾಕಿಸ್ತಾನದಲ್ಲೂ ಸಿಕ್ಕಿತು. ಈ ಪ್ರಭೇದ ಹುಟ್ಟಿ ಕವಲೊಡೆದದ್ದು ಪ್ಲೈಸ್ಟೊಸೀನ್ ಯುಗದಲ್ಲೇ ಎಂದು ಅವರ ಅಂದಾಜು ತೋರಿಸಿತು. ಆಗ್ನೇಯ ಏಷ್ಯಾದ ಕೆಲವು ಪ್ರಾಣಿಗಳಲ್ಲಿ ಚಿಕ್ಕ ಉಗುರಿನ ನೀರುನಾಯಿಯೊಡನೆ ಬೆರಕೆಯಾದ ಗುರುತೂ ಇತ್ತು.

ಸರಸ್ವತಿಪುರಂ ಓದುಗ (ಮೈಸೂರು)

ಇರಾಕಿನ ನಂಟು ಭೂವಿಜ್ಞಾನದವನಾದ ನನಗೆ ಅಷ್ಟೊಂದು ಅಚ್ಚರಿ ತರುವುದಿಲ್ಲ. ಹಿಮಯುಗದ ತುದಿಯಲ್ಲಿ ಕಡಲಿನ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಪರ್ಷಿಯನ್ ಕೊಲ್ಲಿ ಆಳವಿಲ್ಲದ್ದು, ಆಗ ಅದರ ತಳ ಒಣನೆಲವಾಗಿದ್ದು, ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ಅದರ ನಡುವೆ ಹರಿದು ಹೋಗುತ್ತಿದ್ದವು. ಈಗ ಉಪ್ಪುನೀರಿರುವಲ್ಲಿ ಆಗ ಸಿಹಿನೀರಿನ ಕಣಿವೆಯಿತ್ತು. ಹಾಗೆಯೇ ಸುಮಾತ್ರ, ಜಾವಾ, ಬೋರ್ನಿಯೊಗಳು ಏಷ್ಯಾದ ಮುಖ್ಯ ಭೂಮಿಗೆ ಅಂಟಿಕೊಂಡಿದ್ದವು. ಇಂದು ಕಡಲಡಿಯಲ್ಲಿರುವ ಬಯಲಿನಲ್ಲಿ ದೊಡ್ಡ ನದಿಗಳು ಹರಿಯುತ್ತಿದ್ದವು. ಅಂದರೆ ಅದೇ ಹಿಮಯುಗ ಒಂದು ಕಡೆ ಹಳ್ಳಗಳನ್ನು ಒಣಗಿಸಿ ನೀರುನಾಯಿಗಳನ್ನು ಅಗಲಿಸುತ್ತಿದ್ದಾಗ ಇನ್ನೊಂದು ಕಡೆ ದ್ವೀಪಗಳನ್ನು ಹೊಳೆಗಳಿಂದ ಹೊಲಿದು ಕೂಡಿಸುತ್ತಿತ್ತು. ಹಿಮಯುಗವೆಂದರೆ ವೈವಿಧ್ಯ ಕುಗ್ಗಿತು ಎಂದು ಒಂದೇ ಉಸಿರಿನಲ್ಲಿ ಹೇಳುವುದನ್ನು ನಾನು ಒಪ್ಪದಿರುವುದು ಇದಕ್ಕೇ.

ಗಂಜಾಂ ಮೇಷ್ಟ್ರು (ಶ್ರೀರಂಗಪಟ್ಟಣ)

ಹಾಗಾದರೆ ಶ್ರೀಲಂಕಾ? ಕಡಲು ತಗ್ಗಿದಾಗ ಅದೂ ನಮ್ಮ ನೆಲಕ್ಕೆ ಸೇರಿತ್ತಲ್ಲ. ಅಲ್ಲಿಯೂ ನಮ್ಮ ಈ ಎರಡೂ ಬಗೆಗಳು ಇರಬೇಕಿತ್ತು.

ಕುಕ್ಕರಹಳ್ಳಿ ದಂಡೆ (ಮೈಸೂರು)

ಇಲ್ಲ, ಮೇಷ್ಟ್ರೇ. ಶ್ರೀಲಂಕೆಯಲ್ಲಿ ಇರುವುದು ಯುರೇಷಿಯಾದ ನೀರುನಾಯಿ ಒಂದೇ. ಯುರೋಪಿನ ಕಥೆಯ ನಾಯಕನೂ ಅದೇ ಪ್ರಭೇದ ಎಂಬುದನ್ನು ಗಮನಿಸಿ. ದಕ್ಷಿಣ ಭಾರತದಲ್ಲಿ ಅದು ಬಹಳ ಅಪರೂಪ. ತಮಿಳುನಾಡಿನ ಆನೆಮಲೆಯಲ್ಲಿ ಅದು ಇರುವುದು ದಾಖಲಾದದ್ದೇ 2018ರಲ್ಲಿ. ನಮ್ಮ ಹೊಳೆಗಳಲ್ಲಿ ಸಾಮಾನ್ಯವಾಗಿರುವ ನುಣುಪು ತುಪ್ಪಳದ್ದು ಮಾತ್ರ ಆ ದ್ವೀಪಕ್ಕೆ ಕಾಲಿಡಲಿಲ್ಲ. ಅದಕ್ಕೆ ತುಂಬಿ ಹರಿಯುವ ದೊಡ್ಡ ಹೊಳೆ ಬೇಕು. ಕಡಲು ತಗ್ಗಿದ ಕಾಲವೂ ಮುಂಗಾರು ಸೋತ ಕಾಲವೂ ಒಂದೇ ಆದ್ದರಿಂದ ಭೂಸೇತುವೆ ತೆರೆದಿದ್ದಾಗ ಅದರ ಮೇಲೆ ನೀರು ಇರಲಿಲ್ಲ ಎಂದು ನಾನು ಊಹಿಸುತ್ತೇನೆ. ನೆಲ ಕೂಡಿದ ಮಾತ್ರಕ್ಕೆ ಹೊಳೆ ಕೂಡುವುದಿಲ್ಲ.

ಗದ್ದೆಬಯಲು (ಮದ್ದೂರು)

ಇಂಗ್ಲೆಂಡಿನ ಪೂರ್ವದ ಮಾತು ನನ್ನ ತಲೆಯಲ್ಲೇ ಸುತ್ತುತ್ತಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಬಹುಕಾಲ ಬೇರೆಯಾಗಿದ್ದ ಎರಡು ಕುಲಗಳು ಕೂಡಿದ್ದರಿಂದ ನಮ್ಮ ಮನೆಗಳ ಕಣಜ ತುಂಬಿತು. ವೈವಿಧ್ಯ ಕುಗ್ಗಿರುವ ಕಡೆಗೆ ಬೇರೆ ಊರಿನ ನೀರುನಾಯಿಗಳನ್ನು ತಂದು ಬಿಟ್ಟರೆ ಅದೇ ಬಗೆಯ ಲಾಭವಾಗುವುದಿಲ್ಲವೇ?

ಕುಕ್ಕರಹಳ್ಳಿ ದಂಡೆ (ಮೈಸೂರು)

ರಾಗಿಯಲ್ಲಿ ಪ್ರತಿ ವರ್ಷ ಆಯ್ಕೆ ಮಾಡುವವರು ನೀವಿದ್ದೀರಿ, ಗೌಡರೇ. ಬೇಡದ ಗಿಡವನ್ನು ಕಿತ್ತು ಹಾಕುತ್ತೀರಿ, ಒಳ್ಳೆಯ ತೆನೆಯನ್ನು ಬೀಜಕ್ಕೆ ಇಡುತ್ತೀರಿ. ಹೊಳೆಯಲ್ಲಿ ಆ ಕೆಲಸ ಮಾಡುವುದು ಸಾವು. ಹತ್ತಾರು ಸಾವಿರ ವರ್ಷಗಳಲ್ಲಿ ಒಂದು ಪ್ರದೇಶದ ನೀರು, ಮೀನು, ರೋಗಗಳಿಗೆ ಹೊಂದಿಕೊಂಡ ಪ್ರಾಣಿಗೆ ಬಹುದೂರದ ಕುಲವನ್ನು ಬೆರೆಸಿದರೆ ಆ ಹೊಂದಾಣಿಕೆಯೇ ಕದಡಬಹುದು. ಹಿಮಯುಗ ಬೇರ್ಪಡಿಸಿದ್ದನ್ನು ತಿಳಿಯದೆ ಕೂಡಿಸಬಾರದು, ನಾವು ನಿನ್ನೆ ಮೊನ್ನೆ ಬೇರ್ಪಡಿಸಿದ್ದನ್ನು ಮಾತ್ರ ಮತ್ತೆ ಕೂಡಿಸಬೇಕು. ಪದರಗಳನ್ನು ಬಿಡಿಸಿ ಓದಬೇಕು ಎಂದು ನಾನು ಒತ್ತಿ ಹೇಳುತ್ತಿರುವುದರ ಕಾರಣ ಇದೇ.

ನಾವು ಮಾಡುವ ನಷ್ಟದ ವೇಗವನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ಒಂದು ಕಡೆ ಸಿಕ್ಕಿಬಿದ್ದ ಗುಂಪಿನಲ್ಲಿ ವಾಸ್ತವವಾಗಿ ಮರಿ ಹಾಕಿ ಮುಂದಿನ ಪೀಳಿಗೆಗೆ ವಂಶವಾಹಿ ದಾಟಿಸುವವು 50 ಎಂದಿಟ್ಟುಕೊಳ್ಳಿ. ತಲೆಮಾರಿಗೆ ಕಳೆದುಹೋಗುವ ವೈವಿಧ್ಯದ ಪಾಲು, ಆ ಸಂಖ್ಯೆಯ ಎರಡರಷ್ಟರಲ್ಲಿ ಒಂದು, ಅಂದರೆ ನೂರರಲ್ಲಿ ಒಂದು. ಇಪ್ಪತ್ತು ತಲೆಮಾರುಗಳಲ್ಲಿ ಸುಮಾರು ಶೇಕಡಾ 18ರಷ್ಟು ಹೋಗುತ್ತದೆ. ತಲೆಮಾರಿಗೆ ನಾಲ್ಕೈದು ವರ್ಷ ಹಿಡಿದರೆ ಇದಕ್ಕೆ ನೂರು ವರ್ಷವೂ ಬೇಡ. ಕನ್ನಂಬಾಡಿ ಕಟ್ಟೆ ಎದ್ದು ಇಂದಿಗೆ ಸರಿಸುಮಾರು ಅಷ್ಟೇ ಕಾಲವಾಯಿತು.

ಸರಸ್ವತಿಪುರಂ ಓದುಗ (ಮೈಸೂರು)

ಕಟ್ಟೆಯೊಂದೇ ನೀರುನಾಯಿಯನ್ನು ಬೇರ್ಪಡಿಸುತ್ತದೆ ಎಂದು ಓದುಗರು ತಿಳಿಯಬಾರದು. ಜಲಪಾತವನ್ನು ಬಳಸಿ ಹೋಗುವ ಪ್ರಾಣಿ ಕಟ್ಟೆಯನ್ನೂ ಬಳಸಿ ಹೋಗಬಲ್ಲದು ಎಂದು ಸ್ವತಃ ತಾವೇ ಹೇಳಿದಿರಿ.

ಕುಕ್ಕರಹಳ್ಳಿ ದಂಡೆ (ಮೈಸೂರು)

ತಿದ್ದಿದ್ದಕ್ಕೆ ಧನ್ಯವಾದ, ಸರ್. ಕಟ್ಟೆಯನ್ನು ನಾನು ಕಾಲದ ಅಳತೆಗೋಲಾಗಿ ಮಾತ್ರ ಹೇಳಿದ್ದು. ಬೇರ್ಪಡಿಸುವುದು ಮರಳು ತೆಗೆದು ಬೋಳಾದ ದಂಡೆ, ಸಿಡಿಮದ್ದು ಹಾಕಿ ಮೀನು ಖಾಲಿ ಮಾಡಿದ ಮಡು, ಕೊಳಚೆ ಸೇರಿದ ಹಳ್ಳ. ಇಂಥವು ಒಂದರ ಪಕ್ಕ ಒಂದು ಬಂದು ಇಪ್ಪತ್ತು ಮೂವತ್ತು ಕಿಲೋಮೀಟರ್ ಉದ್ದಕ್ಕೂ ನಿಲ್ಲಲು ಜಾಗವಿಲ್ಲದಂತಾದಾಗ, ಹಿಮಯುಗದ ಒಣ ಹಳ್ಳ ಮಾಡಿದ ಕೆಲಸವನ್ನೇ ಅವು ಮಾಡುತ್ತವೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದರ ಮಹತ್ವ ಇಲ್ಲಿದೆ. ಕಾಪಾಡಬೇಕಾದದ್ದು ಒಂದು ಮಡುವನ್ನಲ್ಲ, ಬಿಡುವಿಲ್ಲದ ಒಂದು ಉದ್ದವನ್ನು.

ಬೆಳಕವಾಡಿ ತೆಪ್ಪ (ಮಳವಳ್ಳಿ)

ಮದ್ದು ಹಾಕುವವರು ನಮ್ಮವರಲ್ಲೇ ಇದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಮದ್ದು ಸಿಡಿದ ಮಡುವಿನಲ್ಲಿ ಆ ವರ್ಷ ನಮಗೂ ಮೀನಿಲ್ಲ, ನೀರುನಾಯಿಗೂ ಇಲ್ಲ. ತಂಗಿ, ನಮ್ಮ ಕಡೆಯ ಪ್ರಾಣಿಗಳ ಪರೀಕ್ಷೆಗೆ ಏನು ಬೇಕು? ಅವು ಹೇಲುವ ಬಂಡೆಗಳು ನನಗೆ ಗೊತ್ತು. ಮೀನಿನ ಹುರುಪೆ ತುಂಬಿದ, ಗಾಢ ವಾಸನೆಯ ಮಲ. ಒಂದೇ ಬಂಡೆಗೆ ಇಡೀ ಗುಂಪು ದಿನವೂ ಬರುತ್ತದೆ.

ಕುಕ್ಕರಹಳ್ಳಿ ದಂಡೆ (ಮೈಸೂರು)

ನೀವು ಹೇಳಿದ ಆ ಬಂಡೆಗಳೇ ನಮಗೆ ಬೇಕಾದವು, ಅಣ್ಣಾ. ಮಲದ ಜೊತೆ ಕರುಳಿನ ಜೀವಕೋಶಗಳೂ ಹೊರಬರುತ್ತವೆ, ಅವುಗಳಿಂದ ಡಿಎನ್‌ಎ ತೆಗೆಯಬಹುದು. ಆದರೆ ನಮ್ಮ ಬಿಸಿಲಿಗೆ ಅದು ಕೆಲವೇ ಗಂಟೆಗಳಲ್ಲಿ ಹಾಳಾಗತೊಡಗುತ್ತದೆ, ಸೂರ್ಯ ಏರುವ ಮೊದಲೇ ಸಿಕ್ಕ ತಾಜಾ ಮಾದರಿ ಮಾತ್ರ ಪ್ರಯೋಜನಕ್ಕೆ ಬರುತ್ತದೆ. ದಯವಿಟ್ಟು ನೀವು ಯಾರೂ ಈಗಲೇ ಸಂಗ್ರಹಿಸಲು ಹೋಗಬೇಡಿ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಬಂಡೆ ಎಲ್ಲಿದೆ, ಯಾವ ದಿನ ಎಷ್ಟು ಪ್ರಾಣಿಗಳು ಕಂಡವು, ಮರಿಗಳಿದ್ದವೇ, ನೀರು ಎಷ್ಟಿತ್ತು ಎಂದು ಬರೆದಿಟ್ಟರೆ ಸಾಕು. ಬಿಲದ ಹತ್ತಿರ ಹೋಗಬಾರದು. ಜಲಪಾತದ ಮೇಲಿನ ಹತ್ತು ಬಂಡೆ, ಕೆಳಗಿನ ಹತ್ತು ಬಂಡೆಗಳ ವಿವರ ಸಿಕ್ಕರೆ ನೀವು ಕೇಳಿದ ಪ್ರಶ್ನೆಯನ್ನೇ ಪರೀಕ್ಷೆಗೆ ಇಡಬಹುದು.

ಗಂಜಾಂ ಮೇಷ್ಟ್ರು (ಶ್ರೀರಂಗಪಟ್ಟಣ)

ಮೇಲಿನ ಬಂಡೆಗಳಲ್ಲಿ ಮೊದಲನೆಯದನ್ನು ನಾನು ಕೊಡುತ್ತೇನೆ. ಸಂಗಮದಿಂದ ಎಡದಂಡೆಯಲ್ಲಿ ಸುಮಾರು ಅರ್ಧ ಮೈಲಿ ಕೆಳಗೆ, ಹೊಂಗೆಮರದ ಎದುರಿನ ಚಪ್ಪಟೆ ಬಂಡೆ. ಇಂದು ಬೆಳಿಗ್ಗೆ ಆರೂಕಾಲಕ್ಕೆ ಹೋಗಿದ್ದೆ. ದೊಡ್ಡವು ಎರಡು, ಮರಿಗಳು ಮೂರು. ನೀರು ಬಂಡೆಯ ಅಂಚಿನಿಂದ ಒಂದು ಮೊಳ ಕೆಳಗಿತ್ತು.

ಬೆಳಕವಾಡಿ ತೆಪ್ಪ (ಮಳವಳ್ಳಿ)

ಕೆಳಗಿನ ಬಂಡೆಗಳನ್ನು ನನಗೆ ಬಿಡಿ, ಮೇಷ್ಟ್ರೇ. ಭಾನುವಾರ ತೆಪ್ಪ ಇಳಿಸುತ್ತೇನೆ.